ಅಧಿಕ ಶಕ್ತಿಯ ಕಾರುಗಳ ಮೈಲೇಜು ಕುಸಿತ: ಕಾರಣ ಗುರುತಿಸುವ ಕ್ರಮ

(ಕೆಎ-24 ವ್ಯಾಪ್ತಿಯ ವಾಹನ ಮಾಲೀಕರ ಮಾಹಿತಿಗಾಗಿ)

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ವಾಹನಗಳು ಬೈಲಹೊಂಗಲದ ಸಾರಿಗೆ ಕಛೇರಿಯಲ್ಲಿ ಕೆಎ-24 ಸಂಖ್ಯೆಯಡಿ ನೋಂದಣಿಯಾಗುತ್ತವೆ. ವಿವಿಧ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ ಕೆಲವರು, ವಿಶೇಷವಾಗಿ ಟರ್ಬೊ ಪೆಟ್ರೋಲ್ ಎಂಜಿನ್ ಹೊಂದಿರುವ ಅಧಿಕ ಶಕ್ತಿಯ ಕಾರುಗಳ ಮಾಲೀಕರು, ತಮ್ಮ ವಾಹನದ ಮೈಲೇಜು ಕುಸಿದಿದೆಯೆಂದು ತಿಳಿಸಿ, ಗ್ಯಾಸ್ ಕಿಟ್ ಅಳವಡಿಸಬಹುದೇ, ಎಂಜಿನಿನ ಕಂಪ್ಯೂಟರನ್ನು ಬದಲಿಸಬಹುದೇ, ಸೈಲೆನ್ಸರ್ ಮಾರ್ಪಡಿಸಬಹುದೇ ಎಂದು ವಿಚಾರಿಸುವುದುಂಟು. ಇವುಗಳಲ್ಲಿ ಕೆಲವಕ್ಕೆ ಕಾನೂನಿನ ಅವಕಾಶವಿಲ್ಲ. ಅವಕಾಶವಿರುವವೂ ದೋಷವನ್ನು ಸರಿಪಡಿಸುವ ಉಪಾಯಗಳಲ್ಲ. ಆದುದರಿಂದ ಮಾರ್ಪಾಡಿನ ವಿಚಾರಕ್ಕೆ ಹೋಗುವ ಮುನ್ನ ಕುಸಿತದ ಕಾರಣವನ್ನು ಮಾಲೀಕರು ತಾವೇ ಹೇಗೆ ಗುರುತಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಇದಕ್ಕೆ ಎಂಜಿನಿಯರಿಂಗ್ ಜ್ಞಾನಕ್ಕಿಂತ ಜಮಾ-ಖರ್ಚಿನ ಲೆಕ್ಕ ಬರೆಯುವ ತಾಳ್ಮೆಯೇ ಹೆಚ್ಚು ಬೇಕಾಗುತ್ತದೆ.

ಮೊದಲು ಅಳತೆ

ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಮೈಲೇಜಿನ ಅಂಕಿಯು ಕಾರಿನ ಕಂಪ್ಯೂಟರ್ ಮಾಡಿದ ಅಂದಾಜು ಮಾತ್ರ. ಅದನ್ನು ಆಧಾರವಾಗಿ ಇಟ್ಟುಕೊಳ್ಳತಕ್ಕದ್ದಲ್ಲ. ಒಂದೇ ಬಂಕಿನಲ್ಲಿ, ಸಾಧ್ಯವಾದರೆ ಒಂದೇ ನಳಿಕೆಯಿಂದ, ನಳಿಕೆ ತಾನಾಗಿಯೇ ಮೊದಲ ಬಾರಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ ಓಡೋಮೀಟರ್ ಅಂಕಿಯನ್ನು ಬರೆದಿಟ್ಟುಕೊಳ್ಳುವುದು. ಮುಂದಿನ ಸಲವೂ ಹಾಗೆಯೇ ತುಂಬಿಸಿ, ಓಡಿದ ಕಿಲೋಮೀಟರುಗಳನ್ನು ಆಗ ಹಿಡಿದ ಲೀಟರುಗಳಿಂದ ಭಾಗಿಸುವುದು. 40 ಲೀಟರಿನ ಟ್ಯಾಂಕಿನಲ್ಲಿ ತುಂಬುವ ಮಟ್ಟ ಒಂದು ಲೀಟರಿನಷ್ಟು ಹೆಚ್ಚು ಕಡಿಮೆಯಾಗುವುದು ಸಹಜ. ಆದ್ದರಿಂದ ಒಂದು ಟ್ಯಾಂಕಿನ ಲೆಕ್ಕವನ್ನು ನಂಬದೆ, ಮೂರು ಟ್ಯಾಂಕುಗಳ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿದರೆ ನೆಚ್ಚಬಹುದಾದ ಅಂಕಿ ದೊರೆಯುತ್ತದೆ.

ಅಧಿಕ ಶಕ್ತಿಯ ಕಾರುಗಳಿಗೆ ಸಂಬಂಧಿಸಿ ಇನ್ನೊಂದು ಎಚ್ಚರಿಕೆ ಅವಶ್ಯ. ಕೆಲವರು ಅಂದಕ್ಕಾಗಿ ದೊಡ್ಡ ಚಕ್ರ ಹಾಕಿಸಿರುತ್ತಾರೆ. ಟಯರಿನ ಹೊರ ವ್ಯಾಸ ಶೇ. 5ರಷ್ಟು ಹೆಚ್ಚಾದರೆ ಪ್ರತಿ ಸುತ್ತಿಗೆ ವಾಹನ ಶೇ. 5ರಷ್ಟು ಹೆಚ್ಚು ದೂರ ಸಾಗುತ್ತದೆ. ಓಡೋಮೀಟರ್ ಮಾತ್ರ ಹಳೆಯ ಲೆಕ್ಕವನ್ನೇ ತೋರಿಸುತ್ತದೆ. ಇಂತಹ ಕಾರಿನಲ್ಲಿ ಪೆಟ್ರೋಲ್ ಹೆಚ್ಚು ಖರ್ಚಾಗದಿದ್ದರೂ ಕಾಗದದ ಮೇಲೆ ಮೈಲೇಜು ಕುಸಿದಂತೆ ಕಾಣುತ್ತದೆ. ಸ್ಪೀಡೋಮೀಟರೂ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ ಎಂಬುದನ್ನು ಇಂತಹ ಮಾಲೀಕರು ಮರೆಯಬಾರದು.

ವರ್ಷದ ಲೆಕ್ಕ

ಉದಾಹರಣೆಗೆ, ಲೀಟರಿಗೆ 15 ಕಿ.ಮೀ. ನೀಡುತ್ತಿದ್ದ ಕಾರು ಈಗ 12 ಕಿ.ಮೀ. ನೀಡುತ್ತಿದೆ ಎಂದು ಭಾವಿಸೋಣ. ವರ್ಷಕ್ಕೆ 12,000 ಕಿ.ಮೀ. ಓಡುವ ಕಾರಿಗೆ ಮೊದಲು 800 ಲೀಟರ್ ಸಾಕಾಗುತ್ತಿತ್ತು, ಈಗ 1,000 ಲೀಟರ್ ಬೇಕು. ಮೈಲೇಜು ಇಳಿದದ್ದು ಶೇ. 20 ಆದರೂ ಪೆಟ್ರೋಲ್ ಖರ್ಚು ಏರಿದ್ದು ಶೇ. 25. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 20,000 ರೂಪಾಯಿಗಳು ಹೆಚ್ಚುವರಿಯಾಗಿ ಹೋಗುತ್ತವೆ. ಈ 200 ಲೀಟರುಗಳು ಎಲ್ಲಿ ಹೋದವು ಎಂಬುದಕ್ಕೆ ಖಾತೆವಾರು ಲೆಕ್ಕ ಬರೆಯಬೇಕು. ಪ್ರತಿಯೊಂದು ಕಾರಣದ ಮೇಲೆ ಹೊರಿಸಬಹುದಾದ ಭಾರಕ್ಕೆ ಒಂದು ಮಿತಿಯಿದೆ. ಅದನ್ನು ಮೀರಿ ಯಾವುದರ ಮೇಲೂ ದೂರು ಹೊರಿಸಲಾಗದು.

ಎಥೆನಾಲ್ ಮಿಶ್ರಣವೇ ಇತ್ತೀಚೆಗೆ ಹೆಚ್ಚು ಕೇಳಿಬರುವ ಕಾರಣ. ಕಬ್ಬು ಬೆಳೆಯುವ ನಮ್ಮ ಭಾಗದಲ್ಲಿ ಇದರ ಬಗ್ಗೆ ಪರ-ವಿರೋಧದ ಮಾತುಗಳೂ ಹೆಚ್ಚು. ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. 2025ರಲ್ಲಿ ದೇಶದ ಸರಾಸರಿ ಮಿಶ್ರಣ ಶೇ. 20ನ್ನು ಮುಟ್ಟಿತು. ಲೀಟರೊಂದಕ್ಕೆ ಎಥೆನಾಲಿನಲ್ಲಿ ಇರುವ ಶಾಖಶಕ್ತಿಯು ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆ. ಐದರಲ್ಲಿ ಒಂದು ಭಾಗ ಎಥೆನಾಲ್ ಆದಾಗ ಒಟ್ಟಾರೆ ಶೇ. 6ರಿಂದ 7ರಷ್ಟು ಶಕ್ತಿ ಕಡಿಮೆಯಾಗುತ್ತದೆ. ನೀತಿ ಆಯೋಗವು 2021ರಲ್ಲಿ ಪ್ರಕಟಿಸಿದ ವರದಿಯೂ ಹಳೆಯ ವಿನ್ಯಾಸದ ನಾಲ್ಕು ಚಕ್ರದ ವಾಹನಗಳಿಗೆ ಶೇ. 6ರಿಂದ 7, ಈ ಇಂಧನಕ್ಕೆ ಹೊಂದಿಸಿದ ವಾಹನಗಳಿಗೆ ಶೇ. 1ರಿಂದ 2 ಎಂದು ಅಂದಾಜಿಸಿದೆ. ಗರಿಷ್ಠ ಶೇ. 7 ಎಂದೇ ಹಿಡಿದರೂ ನಮ್ಮ ಖಾತೆಯಲ್ಲಿ ಇದರ ಪಾಲು ಸುಮಾರು 60 ಲೀಟರ್ ಮಾತ್ರ.

ಬಂಕಿನ ಅಳತೆಯ ಮೇಲೂ ಸಂಶಯ ಪಡುವವರಿದ್ದಾರೆ. 5 ಲೀಟರಿಗೆ 25 ಮಿಲಿಲೀಟರ್, ಅಂದರೆ ಶೇ. 0.5ರಷ್ಟು ವ್ಯತ್ಯಾಸಕ್ಕೆ ಮಾತ್ರ ಅವಕಾಶವಿದೆ. ಇದರ ಪಾಲು ಹೆಚ್ಚೆಂದರೆ 4 ಲೀಟರ್. ಇದಕ್ಕಿಂತ ಹೆಚ್ಚಿನ ಕೊರತೆಯ ಅನುಮಾನವಿದ್ದಲ್ಲಿ, ಮುದ್ರೆ ಹಾಕಿದ 5 ಲೀಟರ್ ಅಳತೆ ಪಾತ್ರೆಯಲ್ಲಿ ತಮ್ಮೆದುರಿಗೆ ಅಳೆದು ತೋರಿಸುವಂತೆ ಕೇಳುವ ಹಕ್ಕು ಪ್ರತಿಯೊಬ್ಬ ಗ್ರಾಹಕರಿಗೂ ಇದೆ. ಕೊರತೆ ಕಂಡುಬಂದರೆ ದೂರನ್ನು ಕಾನೂನು ಮಾಪನಶಾಸ್ತ್ರ ಇಲಾಖೆಗೆ ಸಲ್ಲಿಸತಕ್ಕದ್ದು. ಸಾರಿಗೆ ಕಛೇರಿಗೆ ಈ ವಿಷಯದಲ್ಲಿ ಅಧಿಕಾರವಿಲ್ಲ.

ಟಯರಿನ ಗಾಳಿ 33 ಇರಬೇಕಾದಲ್ಲಿ 25ಕ್ಕೆ ಇಳಿದಿದ್ದರೆ, ಪ್ರತಿ ಒಂದು ಪಿ.ಎಸ್.ಐ.ಗೆ ಸುಮಾರು ಶೇ. 0.2ರ ಲೆಕ್ಕದಲ್ಲಿ, ನಷ್ಟ ಶೇ. 1.6. ಇದು 13 ಲೀಟರ್ ಆಯಿತು.

ಈ ಮೂರನ್ನೂ ಕೂಡಿದರೆ 77 ಲೀಟರ್. ಉಳಿದ 120ಕ್ಕೂ ಹೆಚ್ಚು ಲೀಟರುಗಳಿಗೆ ಇನ್ನೂ ಲೆಕ್ಕ ಸಿಕ್ಕಿಲ್ಲ. ಎಲ್ಲ ದೂರನ್ನೂ ಎಥೆನಾಲಿನ ಮೇಲೆ ಹೊರಿಸಿ ಸುಮ್ಮನಾದ ಮಾಲೀಕರು ನಿಜವಾದ ದೋಷವನ್ನು ಕಾರಿನಲ್ಲಿಯೇ ಇಟ್ಟುಕೊಂಡು ಓಡಾಡುತ್ತಿರುತ್ತಾರೆ. ಅಪಾಯವಿರುವುದು ಇಲ್ಲಿಯೇ.

ನಿಧಾನವಾಗಿಯೋ, ಒಮ್ಮೆಲೇ ಆಗಿಯೋ

ಉಳಿದ ಬಾಕಿಯನ್ನು ಹುಡುಕಲು ಹೊರಡುವ ಮುನ್ನ, ಕುಸಿತ ಯಾವಾಗ ಆಯಿತು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಎರಡು ಮೂರು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿದಿದ್ದರೆ ಇಂಧನ, ಟಯರು, ಸವೆದ ಸ್ಪಾರ್ಕ್ ಪ್ಲಗ್ ಇಂಥವುಗಳತ್ತ ನೋಡಬೇಕು. ಒಂದು ವಾರದಲ್ಲಿ ಇಳಿದಿದ್ದರೆ ಯಾವುದೋ ಭಾಗ ಕೆಟ್ಟಿದೆ ಎಂದು ತಿಳಿಯತಕ್ಕದ್ದು. ಹೊಸದಾಗಿ ಟಯರು, ಬ್ರೇಕ್ ಪ್ಯಾಡ್ ಹಾಕಿಸಿದ ಅಥವಾ ಸರ್ವಿಸ್ ಮಾಡಿಸಿದ ಮರುದಿನದಿಂದಲೇ ಇಳಿದಿದ್ದರೆ ಆ ಕೆಲಸವನ್ನೇ ಮೊದಲು ಪರಿಶೀಲಿಸಬೇಕು.

ಓಡಾಟದ ದಾರಿ ಬದಲಾಗಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಕಿತ್ತೂರಿನಿಂದ ಧಾರವಾಡದ ಕಡೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ 80 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದವರು 110ಕ್ಕೆ ಏರಿದರೆ ಗಾಳಿಯ ಎದುರೊತ್ತಡ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಏಕೆಂದರೆ ಅದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳ ಹಿಂದೆ ಎರಡನೆಯ ಗೇರಿನಲ್ಲಿ ಸಾಗುವ ತಿಂಗಳುಗಳನ್ನು, ಬನದ ಹುಣ್ಣಿಮೆ ಹಾಗೂ ಭಾರತ ಹುಣ್ಣಿಮೆಯ ಜಾತ್ರೆಗಳಲ್ಲಿ ಎಲ್ಲಮ್ಮನ ಗುಡ್ಡದ ಏರಿನಲ್ಲಿ ನಿಂತು ನಿಂತು ಹೋಗುವ ದಿನಗಳನ್ನು ಉಳಿದ ದಿನಗಳೊಂದಿಗೆ ಹೋಲಿಸಬಾರದು. ಟರ್ಬೊ ಕಾರುಗಳಲ್ಲಿ ಚಾಲಕರ ಕಾಲಿನ ಭಾರ ಇನ್ನೂ ಹೆಚ್ಚಿನ ವ್ಯತ್ಯಾಸ ಮಾಡುತ್ತದೆ. ಸಾವಕಾಶವಾಗಿ ನಡೆಸಿದಾಗ ಸಣ್ಣ ಎಂಜಿನ್ನಿನಂತೆ ಉಣ್ಣುವ ಇವು, ಆಕ್ಸಲರೇಟರ್ ಒತ್ತಿ ಹಿಡಿದಾಗ ದೊಡ್ಡ ಎಂಜಿನ್ನಿನ ಹಸಿವನ್ನೇ ತೋರುತ್ತವೆ. ಮನೆಯಲ್ಲಿ ಇನ್ನೊಬ್ಬರು ಕಾರು ನಡೆಸಲು ಆರಂಭಿಸಿದ್ದಾರೆಯೇ ಎಂಬುದನ್ನೂ ಮೆಕ್ಯಾನಿಕ್ ಬಳಿ ಹೋಗುವ ಮೊದಲು ವಿಚಾರಿಸಿಕೊಂಡರೆ ಲೇಸು.

ವಾಹನದಲ್ಲಿ ನೋಡಬೇಕಾದವು

ಮೊದಲನೆಯದಾಗಿ ಬ್ರೇಕ್. ಬ್ರೇಕ್ ಒತ್ತಿ ಬಿಟ್ಟ ಮೇಲೂ ಪ್ಯಾಡ್ ಪೂರ್ತಿ ಹಿಂದೆ ಸರಿಯದೆ ಡಿಸ್ಕಿಗೆ ಅಂಟಿಕೊಂಡೇ ಇದ್ದರೆ ಕಾರು ಇಡೀ ದಿನ ಬ್ರೇಕ್ ಹಿಡಿದುಕೊಂಡೇ ಓಡಿದಂತೆ. ಶಕ್ತಿಯುತ ಎಂಜಿನ್ ಇರುವ ಕಾರಿನಲ್ಲಿ ಚಾಲಕರಿಗೆ ಈ ಎಳೆತ ಗೊತ್ತೇ ಆಗುವುದಿಲ್ಲ, ಎಂಜಿನ್ ಅದನ್ನು ನುಂಗಿಕೊಂಡು ಹೋಗುತ್ತದೆ. ನಾಲ್ಕು ತಾಲ್ಲೂಕುಗಳ ಎರೆ ಮಣ್ಣಿನ ದಾರಿಗಳಲ್ಲಿ ಮಳೆಗಾಲದಲ್ಲಿ ಓಡಾಡಿದ ಕಾರುಗಳ ಚಕ್ರದ ಒಳಗೆ ಕೆಸರು ಮೆತ್ತಿ ಗಟ್ಟಿಯಾಗುವುದರಿಂದ ಇದನ್ನು ವಿಶೇಷವಾಗಿ ನೋಡಬೇಕು. ಪರೀಕ್ಷೆ ಸುಲಭ. ಹೆಚ್ಚು ಬ್ರೇಕ್ ಬಳಸದೆ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಸಮೀಪ ಅಂಗೈ ಹಿಡಿದು ಶಾಖವನ್ನು ಹೋಲಿಸುವುದು. ಡಿಸ್ಕನ್ನು ಮುಟ್ಟಬಾರದು, ಕೈ ಸುಡುತ್ತದೆ. ಎದುರುಬದುರಿನ ಎರಡು ಚಕ್ರಗಳಲ್ಲಿ ಒಂದು ಮಾತ್ರ ಹೆಚ್ಚು ಬಿಸಿಯಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಅದೇ ದೋಷ. ಇಂತಹ ಕಾರಿನಲ್ಲಿ ಗುಡ್ಡದ ಇಳಿಜಾರು ಇಳಿಯುವುದು ಅಪಾಯಕರ. ಮೊದಲೇ ಕಾದಿರುವ ಬ್ರೇಕ್ ಬೇಕಾದ ಹೊತ್ತಿನಲ್ಲಿ ಹಿಡಿಯದೆ ಹೋಗಬಹುದು.

ಎರಡನೆಯದು ಎಂಜಿನಿನ ಶಾಖ. ಹೊರಟು ಇಪ್ಪತ್ತು ನಿಮಿಷವಾದರೂ ಶಾಖದ ಮುಳ್ಳು ಮಧ್ಯಕ್ಕೆ ಬಾರದಿದ್ದರೆ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿರುವ ಸಂಭವವಿದೆ. ಎಂಜಿನ್ ಇನ್ನೂ ತಣ್ಣಗಿದೆಯೆಂದು ಭಾವಿಸಿ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತಲೇ ಇರುತ್ತದೆ. ದುರಸ್ತಿಗೆ ತಗಲುವುದು ಅಲ್ಪ ಖರ್ಚು.

ಗಾಳಿ ಶೋಧಕದ (ಏರ್ ಫಿಲ್ಟರ್) ಬಗ್ಗೆ ಒಂದು ತಪ್ಪು ಕಲ್ಪನೆ ಬೇರೂರಿದೆ. ಕಾರ್ಬ್ಯುರೇಟರ್ ಕಾಲದ ವಾಹನಗಳಲ್ಲಿ ಇದು ಮುಚ್ಚಿಕೊಂಡರೆ ಮೈಲೇಜು ಇಳಿಯುತ್ತಿತ್ತು. ಇಂದಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಬರುವ ಗಾಳಿಯನ್ನು ಅಳೆದೇ ಪೆಟ್ರೋಲ್ ಬಿಡುವುದರಿಂದ, ಮುಚ್ಚಿದ ಫಿಲ್ಟರಿನಿಂದ ಕಾರಿನ ಓಟ ಮಂದವಾಗುತ್ತದೆಯೇ ಹೊರತು ಮೈಲೇಜು ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಧೂಳಿನ ದಾರಿಗಳಿರುವಲ್ಲಿ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಲೇಬೇಕು, ಆದರೆ 120 ಲೀಟರುಗಳ ಲೆಕ್ಕ ಅಲ್ಲಿ ಸಿಗದು.

ಟರ್ಬೊ ಎಂಜಿನಿಗೆ ಮಾತ್ರ ವಿಶಿಷ್ಟವಾದ ಒಂದು ದೋಷವಿದೆ. ಟರ್ಬೊದಿಂದ ಎಂಜಿನಿಗೆ ಒತ್ತಡದ ಗಾಳಿ ಒಯ್ಯುವ ರಬ್ಬರ್ ಕೊಳವೆ ಬಿರುಕು ಬಿಟ್ಟರೆ, ಮುಂಚೆಯೇ ಅಳೆದ ಗಾಳಿಯ ಒಂದು ಪಾಲು ಹೊರಗೆ ಸೋರುತ್ತದೆ. ಕಂಪ್ಯೂಟರ್ ಮಾತ್ರ ಪೂರ್ಣ ಗಾಳಿಗೆ ತಕ್ಕ ಪೆಟ್ರೋಲನ್ನು ಬಿಟ್ಟಿರುತ್ತದೆ. ವೇಗ ಹೆಚ್ಚಿಸುವಾಗ ಸೀಟಿಯಂಥ ಅಥವಾ ಬುಸುಗುಟ್ಟುವ ಸದ್ದು, ಶಕ್ತಿ ಕುಗ್ಗುವಿಕೆ, ಸೈಲೆನ್ಸರ್ ಬಾಯಿಯಲ್ಲಿ ಕಪ್ಪು ಮಸಿ ಇದರ ಲಕ್ಷಣಗಳು. ಮುಂಭಾಗದ ಇಂಟರ್‌ಕೂಲರಿನ ಸಂದಿಗಳಲ್ಲಿ ಮಣ್ಣು ತುಂಬಿದ್ದರೂ ಗಾಳಿ ತಂಪಾಗದೆ, ಎಂಜಿನ್ ಬಡಿತದಿಂದ ರಕ್ಷಿಸಿಕೊಳ್ಳಲು ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸಿಕೊಳ್ಳುತ್ತದೆ. ಆಗಲೂ ಇಂಧನ ವ್ಯರ್ಥವಾಗುತ್ತದೆ. ತಯಾರಕರ ಕೈಪಿಡಿಯಲ್ಲಿ ಹೇಳಿದ ಆಕ್ಟೇನ್‌ಗಿಂತ ಕಡಿಮೆಯದನ್ನು ಬಳಸಿದರೂ ಪರಿಣಾಮ ಇದೇ. ಹಾಗೆಂದು ಕೈಪಿಡಿ ಕೇಳದಿದ್ದರೂ ದುಬಾರಿ ಪೆಟ್ರೋಲ್ ಹಾಕಿಸಿದರೆ ಮೈಲೇಜು ಏರುವುದಿಲ್ಲ.

ಎಂಜಿನ್ ದೀಪ ಹೊತ್ತಿಕೊಂಡಿದ್ದರೆ ಅದನ್ನು ಕಡೆಗಣಿಸಬಾರದು. 2013ರಿಂದೀಚಿನ ಕಾರುಗಳಲ್ಲಿ ದೋಷಗಳನ್ನು ದಾಖಲಿಸುವ ಒಬಿಡಿ ವ್ಯವಸ್ಥೆ ಕಡ್ಡಾಯವಾಗಿದ್ದು, ಸ್ಕ್ಯಾನರ್ ಇರುವ ಯಾವುದೇ ಗ್ಯಾರೇಜಿನಲ್ಲಿ ದೋಷದ ಸಂಕೇತವನ್ನು ಓದಿಸಬಹುದು. ಸಂಕೇತವನ್ನು ಬರೆದುಕೊಂಡ ನಂತರವೇ ಅಳಿಸಲು ಹೇಳತಕ್ಕದ್ದು. ಅಳಿಸಿದರೆ ದೀಪ ಆರುತ್ತದೆ, ದೋಷ ಹೋಗುವುದಿಲ್ಲ. ಆಕ್ಸಿಜನ್ ಸೆನ್ಸರ್ ತೀವ್ರವಾಗಿ ಕೆಟ್ಟ ಕಾರು ಸರಿಯಾದಾಗ ಮೈಲೇಜು ಶೇ. 40ರವರೆಗೂ ಸುಧಾರಿಸಬಹುದು ಎಂಬುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ದೊಡ್ಡ ಬಾಕಿಯ ಲೆಕ್ಕ ಸಾಮಾನ್ಯವಾಗಿ ಸಿಗುವುದು ಇಂಥ ಕಡೆ.

ಇಗ್ನಿಷನ್ ಕಾಯಿಲ್ ಕೆಟ್ಟು ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದ್ದರೆ ಎಂಜಿನ್ ನಡುಗುತ್ತದೆ, ದೀಪ ಮಿನುಗುತ್ತದೆ. ಆಗ ವಾಹನವನ್ನು ಓಡಿಸುತ್ತಲೇ ಇರಬಾರದು. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಮಿತಿಮೀರಿ ಕಾಯಿಸುತ್ತದೆ. ಸುಗ್ಗಿಯ ದಿನಗಳಲ್ಲಿ ನಮ್ಮ ಗ್ರಾಮೀಣ ರಸ್ತೆಗಳ ಮೇಲೆ ಹುರುಳಿ, ಕಡಲೆ ಮೊದಲಾದವನ್ನು ಹರವಿ ಒಕ್ಕಣೆ ಮಾಡುವುದನ್ನು ಎಲ್ಲರೂ ಬಲ್ಲರು. ಅದರ ಮೇಲೆ ಹಾಯ್ದ ಕಾರಿನ ಅಡಿಯಲ್ಲಿ ಒಣಗಿದ ಬಳ್ಳಿಗಳು ಸುತ್ತಿಕೊಂಡು ಕಾದ ಕನ್ವರ್ಟರಿಗೆ ತಾಗಿದರೆ ಬೆಂಕಿ ಹತ್ತುತ್ತದೆ. ರಸ್ತೆಯ ಮೇಲಿನ ಒಕ್ಕಣೆಯನ್ನು ನಿಲ್ಲಿಸುವಂತೆ ಎಷ್ಟು ಸಲ ತಿಳಿಸಿದರೂ ಅದು ನಿಂತಿಲ್ಲ. ಹೀಗಾಗಿ ಅಂತಹ ದಾರಿಯಲ್ಲಿ ಹಾಯ್ದ ಮೇಲೆ ವಾಹನ ನಿಲ್ಲಿಸಿ, ಬಗ್ಗಿ ಅಡಿಭಾಗವನ್ನು ನೋಡುವುದು ಮಾಲೀಕರ ಹೊಣೆ.

ಡೀಸೆಲ್ ಕಾರುಗಳ ಬಗ್ಗೆ ಒಂದೇ ಮಾತು: ಭಾರತ್ ಸ್ಟೇಜ್-6 ಡೀಸೆಲ್ ವಾಹನಗಳಲ್ಲಿ ಮಸಿ ಹಿಡಿಯುವ ಶೋಧಕವಿದ್ದು, ದಿನವೂ ಊರೊಳಗೆ ನಾಲ್ಕೈದು ಕಿ.ಮೀ. ಮಾತ್ರ ಓಡಿಸಿದರೆ ಅದು ಪದೇ ಪದೇ ಮಸಿಯನ್ನು ಸುಡಲು ಹೆಚ್ಚುವರಿ ಡೀಸೆಲ್ ಬಳಸುತ್ತದೆ.

ಹೊಗೆ ತಪಾಸಣಾ ಪತ್ರವನ್ನು ಓದುವುದು

ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರವನ್ನು ಪೊಲೀಸರಿಗೆ ತೋರಿಸುವ ಕಾಗದವೆಂದಷ್ಟೇ ಭಾವಿಸುವುದು ರೂಢಿ. ವಾಸ್ತವದಲ್ಲಿ ಅದು ಎಂಜಿನಿನ ಆರೋಗ್ಯದ ಅತಿ ಅಗ್ಗದ ವರದಿ. ಭಾರತ್ ಸ್ಟೇಜ್-4 ಹಾಗೂ ನಂತರದ ಪೆಟ್ರೋಲ್ ಕಾರುಗಳಿಗೆ ಎಂಜಿನ್ ನಿಧಾನಗತಿಯಲ್ಲಿದ್ದಾಗ ಕಾರ್ಬನ್ ಮೊನಾಕ್ಸೈಡ್ ಶೇ. 0.3, ಹೈಡ್ರೋಕಾರ್ಬನ್ 200 ಪಿ.ಪಿ.ಎಂ. ಮೀರಬಾರದು. ಎಂಜಿನ್ ವೇಗವನ್ನು 2,500 ಸುತ್ತಿನ ಆಸುಪಾಸಿಗೆ ಏರಿಸಿದಾಗ ಕಾರ್ಬನ್ ಮೊನಾಕ್ಸೈಡ್ ಶೇ. 0.2ನ್ನು ಮೀರಬಾರದು ಮತ್ತು ಲ್ಯಾಂಬ್ಡಾ ಎಂಬ ಅಂಕಿ 0.97ರಿಂದ 1.03ರೊಳಗೆ ಇರಬೇಕು. ಕಾರ್ಬನ್ ಮೊನಾಕ್ಸೈಡ್ ಹೆಚ್ಚಾಗಿ ಲ್ಯಾಂಬ್ಡಾ ಒಂದಕ್ಕಿಂತ ಕೆಳಗಿದ್ದರೆ ಪೆಟ್ರೋಲ್ ಅಗತ್ಯಕ್ಕಿಂತ ಹೆಚ್ಚು ಹೋಗುತ್ತಿದೆ ಎಂದರ್ಥ. ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಕಿಡಿ ತಪ್ಪುತ್ತಿರುವ ಸಂಭವವಿದೆ. ಲ್ಯಾಂಬ್ಡಾ ಒಂದಕ್ಕಿಂತ ಮೇಲಿದ್ದರೆ ಎಲ್ಲೋ ಗಾಳಿ ಒಳಸೇರುತ್ತಿದೆ ಅಥವಾ ಸೈಲೆನ್ಸರ್ ಕೊಳವೆ ಸೋರುತ್ತಿದೆ.

ಹಳೆಯ ಪ್ರಮಾಣಪತ್ರಗಳನ್ನು ಎಸೆಯದೆ ಇಟ್ಟುಕೊಳ್ಳಲು ಕೋರಲಾಗಿದೆ. ಕಳೆದ ಸಲ 0.02 ಇದ್ದ ಅಂಕಿ ಈ ಸಲ 0.21 ಆಗಿದ್ದರೆ ನಿಧಾನಗತಿಯ ಪರೀಕ್ಷೆಯಲ್ಲಿ ಎರಡೂ ಉತ್ತೀರ್ಣವೇ, ಆದರೆ ಏರಿಕೆ ಹತ್ತು ಪಟ್ಟು. ವಾಹನವನ್ನು ಒಯ್ಯದೆ ಪ್ರಮಾಣಪತ್ರ ತರಿಸಿಕೊಂಡವರಿಗೆ ಈ ಮಾಹಿತಿ ದೊರೆಯುವುದಿಲ್ಲ, ಅದು ಅಪರಾಧವೂ ಹೌದು. ಬ್ರೇಕ್ ಅಂಟಿಕೊಂಡಿರುವುದು, ಟಯರಿನ ಗಾಳಿ ಕಡಿಮೆಯಿರುವುದು ಮಾತ್ರ ಹೊಗೆಯಲ್ಲಿ ಕಾಣುವುದಿಲ್ಲ. ಹೊಗೆಯ ಅಂಕಿಗಳು ಸರಿಯಿದ್ದೂ ಮೈಲೇಜು ಇಳಿದಿದ್ದರೆ ಎಂಜಿನ್ ಬಿಟ್ಟು ಚಕ್ರಗಳ ಕಡೆಗೆ ನೋಡಬೇಕು.

ಮಾರ್ಪಾಡು ಮತ್ತು ಅರ್ಜಿಗಳು

ಮೈಲೇಜು ಹಾಗೂ ಶಕ್ತಿ ಎರಡನ್ನೂ ಹೆಚ್ಚಿಸಿಕೊಡುವುದಾಗಿ ಹೇಳಿ ಕ್ಯಾಟಲಿಟಿಕ್ ಕನ್ವರ್ಟರ್ ಕತ್ತರಿಸುವುದು, ಎಂಜಿನ್ ಕಂಪ್ಯೂಟರನ್ನು ರೀಮ್ಯಾಪ್ ಮಾಡುವುದು ಕೆಲವೆಡೆ ನಡೆಯುತ್ತಿದೆ. ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52ರ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಲು ಅವಕಾಶವಿಲ್ಲ. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಂತೆ ಕಲಂ 182ಎ(4)ರಡಿ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾಗೃಹವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಕನ್ವರ್ಟರ್ ಇಲ್ಲದ ಕಾರು ಹೊಗೆ ತಪಾಸಣೆಯಲ್ಲಿ ಅನುತ್ತೀರ್ಣವಾಗುವುದರಿಂದ, ಹದಿನೈದು ವರ್ಷ ತುಂಬಿದ ನಂತರ ನಮೂನೆ 25ರಲ್ಲಿ ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸುವಾಗಲೂ ತೊಡಕಾಗುತ್ತದೆ.

ಗ್ಯಾಸ್ ಕಿಟ್ ಅಳವಡಿಕೆಗೆ ಕಾನೂನಿನಲ್ಲಿ ಅವಕಾಶವಿದೆ. ಆದರೆ ಕಿಟ್‌ನ ಮಾನ್ಯತೆಯು ತಮ್ಮ ಕಾರಿನ ಎಂಜಿನಿಗೆ ಅನ್ವಯಿಸುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಖಚಿತಪಡಿಸಿಕೊಂಡು, ಅಧಿಕೃತ ಕೇಂದ್ರದಲ್ಲಿ ಮಾತ್ರ ಅಳವಡಿಸಿಕೊಳ್ಳತಕ್ಕದ್ದು. ಮುಂಚಿತ ಅನುಮತಿಯಿಲ್ಲದೆ ಅಳವಡಿಸಿಕೊಂಡಿದ್ದಲ್ಲಿ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ನಿಗದಿತ ಶುಲ್ಕದೊಂದಿಗೆ ನೋಂದಣಿ ಪತ್ರದಲ್ಲಿ ನಮೂದು ಮಾಡಿಸಬೇಕು. ವಿಮಾ ಕಂಪನಿಗೂ ತಿಳಿಸಬೇಕು. ನಮೂದಾಗದ ಕಿಟ್ ಇರುವ ಕಾರು ಅಪಘಾತಕ್ಕೀಡಾದಾಗ ಪರಿಹಾರದ ಕೋರಿಕೆಗೆ ಆಕ್ಷೇಪಣೆ ಬರುವ ಸಾಧ್ಯತೆಯಿರುತ್ತದೆ.

ಕಂಪನಿ ಜಾಹೀರಾತಿನಲ್ಲಿ ಹೇಳಿದಷ್ಟು ಮೈಲೇಜು ಬರುತ್ತಿಲ್ಲವೆಂಬ ದೂರುಗಳನ್ನು ಸಾರಿಗೆ ಕಛೇರಿಯಲ್ಲಿ ಸ್ವೀಕರಿಸಲಾಗುವುದಿಲ್ಲ. ಆ ಅಂಕಿಗಳು ಪ್ರಯೋಗಾಲಯದ ಪರೀಕ್ಷೆಯವು, ರಸ್ತೆಯವಲ್ಲ. ವಾಹನದಲ್ಲಿ ತಯಾರಿಕೆಯ ದೋಷವಿದ್ದು ಡೀಲರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಥವಾ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ಅಲ್ಲಿ ಮೂರು ಟ್ಯಾಂಕುಗಳ ಬಿಲ್ಲು, ಓಡೋಮೀಟರ್ ಅಂಕಿಗಳು, ಹೊಗೆ ತಪಾಸಣಾ ಪತ್ರಗಳು ಹಾಗೂ ಸ್ಕ್ಯಾನರಿನ ಸಂಕೇತಗಳೇ ಪುರಾವೆಯಾಗಿ ನಿಲ್ಲುವುದರಿಂದ, ಇವುಗಳನ್ನು ದಿನಾಂಕವಾರು ಒಂದು ಕಡತದಲ್ಲಿ ಇಟ್ಟುಕೊಳ್ಳಲು ವಾಹನ ಮಾಲೀಕರಲ್ಲಿ ಕೋರಲಾಗಿದೆ.